ನೀರಿನ ಆದೇಶ, ಕುರ್ಚಿಯ ಪ್ರಶ್ನೆ



2023ರ ಸೆಪ್ಟೆಂಬರ್ ತಿಂಗಳನ್ನು ಮಂಡ್ಯ ಸೀಮೆಯವರು ಮರೆತಿರಲಾರರು. ಮುಂಗಾರು ಕೈಕೊಟ್ಟಿತ್ತು. ಕನ್ನಂಬಾಡಿ ಕಟ್ಟೆ ತುಂಬಿರಲಿಲ್ಲ. ಕಟ್ಟೆಯ ಪೂರ್ಣ ಮಟ್ಟ 124 ಅಡಿಗೂ ತುಸು ಹೆಚ್ಚು. ಆ ತಿಂಗಳು ನೀರು 100 ಅಡಿಗಿಂತ ಕೆಳಕ್ಕೆ ಇಳಿದಿತ್ತು. ಅಂಥ ಹೊತ್ತಿನಲ್ಲಿ ತಮಿಳುನಾಡಿಗೆ 5,000 ಕ್ಯೂಸೆಕ್‌ನಂತೆ ನೀರು ಹರಿಸಿ ಎಂಬ ಆದೇಶ ಬಂತು. ಸರ್ಕಾರ ಗೊಣಗಿತು, ಮೇಲ್ಮನವಿ ಹಾಕಿತು, ಕೊನೆಗೆ ನೀರು ಬಿಟ್ಟಿತು. ಸಂಜಯ ವೃತ್ತದಲ್ಲಿ ಹೆದ್ದಾರಿ ನಿಂತಿತು. ಸರ್ ಎಂ. ವಿಶ್ವೇಶ್ವರಯ್ಯ ಪ್ರತಿಮೆಯ ಮುಂದೆ ಧರಣಿ ನಡೆಯಿತು. 23ನೇ ತಾರೀಕು ಮಂಡ್ಯ ಬಂದ್ ಆಯಿತು. ನೀರು ಬಿಟ್ಟವರು ರಾಜೀನಾಮೆ ಕೊಡಲಿ ಎಂಬ ಕೂಗು ಎದ್ದಿತು.

ಆ ಕೂಗಿನ ಹಿಂದಿನ ಸಂಕಟವನ್ನು ನಾನು ಪ್ರಶ್ನಿಸುವುದಿಲ್ಲ. ಪೈರು ಒಣಗುವುದನ್ನು ಕಂಡವರ ಮಾತು ಅದು. ಆದರೆ ಆ ಕೂಗಿನೊಳಗೆ ಒಂದು ದೊಡ್ಡ ಪ್ರಶ್ನೆ ಇದೆ. ಅಧಿಕಾರದಲ್ಲಿರುವ ನಾಯಕರು ಒಂದು ಆದೇಶ ಹೊರಡಿಸುತ್ತಾರೆ. ಅಥವಾ ಹೊರಡಿಸಬೇಕಾದ ಆದೇಶವನ್ನು ತಡೆಹಿಡಿಯುತ್ತಾರೆ. ಅದೊಂದೇ ಕಾರಣಕ್ಕೆ ಅವರನ್ನು ಪದಚ್ಯುತಗೊಳಿಸಬಹುದೇ? ಹಾಗೆ ಮಾಡುವುದು ನ್ಯಾಯವೇ? ಇವತ್ತು ಅದನ್ನೇ ಯೋಚಿಸೋಣ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಅಮೆರಿಕದ ಅಧ್ಯಕ್ಷರ ಮೇಲೆ ಮಹಾಭಿಯೋಗ ನಡೆಯಿತು ಎಂಬ ಸುದ್ದಿಯನ್ನು ನೀವೆಲ್ಲ ಕೇಳಿದ್ದೀರಿ. ನಮ್ಮ ಸಂವಿಧಾನದಲ್ಲೂ ಮಹಾಭಿಯೋಗ ಇದೆ. 61ನೇ ವಿಧಿಯ ಪ್ರಕಾರ ಅದು ರಾಷ್ಟ್ರಪತಿಗಳ ಮೇಲೆ ಮಾತ್ರ. ಆರೋಪವೂ ಒಂದೇ, ಸಂವಿಧಾನದ ಉಲ್ಲಂಘನೆ. ಸಂಸತ್ತಿನ ಒಂದು ಸದನ ಮೂರರಲ್ಲಿ ಎರಡು ಪಾಲು ಬಹುಮತದಿಂದ ಆರೋಪ ಹೊರಿಸಬೇಕು. ಇನ್ನೊಂದು ಸದನ ತನಿಖೆ ನಡೆಸಿ, ಅಷ್ಟೇ ಬಹುಮತದಿಂದ ಒಪ್ಪಬೇಕು. ಗಣರಾಜ್ಯವಾದ ಮೇಲೆ ಇದುವರೆಗೆ ಯಾವ ರಾಷ್ಟ್ರಪತಿಯನ್ನೂ ಹೀಗೆ ತೆಗೆದಿಲ್ಲ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ತೆಗೆಯಲೂ ಇಂಥದೇ ಕಠಿಣ ದಾರಿ ಇದೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ. ಡಿ. ದಿನಕರನ್ ಅವರ ವಿರುದ್ಧ 2009ರಲ್ಲಿ ರಾಜ್ಯಸಭೆಯಲ್ಲಿ ಸೂಚನೆ ಬಂತು. ಅದು ಮುಗಿಯುವ ಮೊದಲೇ, 2011ರಲ್ಲಿ, ಅವರು ರಾಜೀನಾಮೆ ಕೊಟ್ಟರು.

ಆದರೆ ಮುಖ್ಯಮಂತ್ರಿಗೆ ಮಹಾಭಿಯೋಗ ಇಲ್ಲ. ಪ್ರಧಾನಮಂತ್ರಿಗೂ ಇಲ್ಲ. ಇದನ್ನು ಕೇಳಿ ಕೆಲವರಿಗೆ ಅಚ್ಚರಿಯಾಗಬಹುದು. ಸಂವಿಧಾನ ಬರೆದವರು ಮರೆತರೇ? ಮರೆಯಲಿಲ್ಲ. ಅದರ ಅಗತ್ಯವೇ ಬೀಳದ ವ್ಯವಸ್ಥೆಯನ್ನು ಅವರು ಆರಿಸಿಕೊಂಡರು. 164ನೇ ವಿಧಿ ಒಂದು ಸರಳ ಮಾತು ಹೇಳುತ್ತದೆ. ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಜವಾಬ್ದಾರಿ. ಸಭೆಯ ವಿಶ್ವಾಸ ಇರುವವರೆಗೆ ಸರ್ಕಾರ. ವಿಶ್ವಾಸ ಹೋದ ದಿನ ಸರ್ಕಾರ ಹೋಗಬೇಕು. ಆರೋಪಪಟ್ಟಿ ಬೇಡ, ಸಾಕ್ಷಿ ಬೇಡ, ತೀರ್ಪು ಬೇಡ. ಬಹುಮತ ಸಾಕು.

1948ರ ನವೆಂಬರ್ 4ರಂದು ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸಿದರು. ಆ ಭಾಷಣದಲ್ಲಿ ಅವರು ಇದನ್ನೇ ವಿವರಿಸಿದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಹೊಣೆಗಾರಿಕೆ ಕಡಿಮೆ. ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ಇಲ್ಲಿ ಸರ್ಕಾರದ ಲೆಕ್ಕ ಐದು ವರ್ಷಕ್ಕೊಮ್ಮೆ ಮಾತ್ರ ಆಗುವುದಿಲ್ಲ, ದಿನವೂ ಆಗುತ್ತದೆ. ಪ್ರಶ್ನೆಗಳಿಂದ, ನಿಲುವಳಿ ಸೂಚನೆಗಳಿಂದ, ಅವಿಶ್ವಾಸ ನಿರ್ಣಯದಿಂದ ಆಗುತ್ತದೆ. ಅವರ ವಾದದ ಸಾರ ಇಷ್ಟು. ಸ್ಥಿರತೆಗಿಂತ ಹೊಣೆಗಾರಿಕೆಯೇ ನಮಗೆ ಮುಖ್ಯ ಎಂದು ಸಂವಿಧಾನ ಸಭೆಯೂ ಒಪ್ಪಿತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಮ್ಮ ಮುಖ್ಯಮಂತ್ರಿಯ ಮೇಲೆ ವಿಚಾರಣೆ ನಡೆಸಿ ತೆಗೆಯುವ ದಾರಿ ಇಲ್ಲ. ವಿಶ್ವಾಸ ಹಿಂತೆಗೆದುಕೊಂಡು ತೆಗೆಯುವ ದಾರಿ ಇದೆ. ಈಗ ಈ ದಾರಿ ಮಂಡ್ಯ ಸೀಮೆಗೆ ಸುಮ್ಮನೆ ಸಿಕ್ಕಿದ್ದಲ್ಲ ಎಂಬುದನ್ನು ನೆನೆಯಬೇಕು.

ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಮದ್ದೂರಿನ ಬಳಿ ಶಿವಪುರದ ಸತ್ಯಾಗ್ರಹ ಸೌಧ ಇದೆ. ದಿನವೂ ಸಾವಿರಾರು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಟಿ. ಸಿದ್ದಲಿಂಗಯ್ಯ ಅಧ್ಯಕ್ಷರು. ಮೈಸೂರು ಸಂಸ್ಥಾನದ ಸರ್ಕಾರ ಕಾಂಗ್ರೆಸ್ಸಿನ ಧ್ವಜ ಹಾರಿಸುವುದನ್ನು ನಿಷೇಧಿಸಿತ್ತು. ಅದೊಂದು ಆಡಳಿತಾತ್ಮಕ ಆದೇಶ, ಅಷ್ಟೆ. ಸುತ್ತಲ ಹಳ್ಳಿಗಳ ಜನ ಸಾವಿರಗಟ್ಟಲೆ ಸೇರಿದರು. ಧ್ವಜ ಹಾರಿತು. ನಾಯಕರ ಬಂಧನವಾಯಿತು.

ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಅವರು ದಕ್ಷರು, ಊರುಗಳನ್ನು ಚೆಲುವಾಗಿಸಿದವರು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವರ ಆದೇಶ ತಪ್ಪಾದರೆ ಅವರನ್ನು ಯಾರು ಕೇಳಬೇಕು? 1881ರಿಂದಲೂ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು. ಅಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು. ಪ್ರಶ್ನೆ ಕೇಳಬಹುದಿತ್ತು. ದಿವಾನರನ್ನು ಇಳಿಸಲು ಮಾತ್ರ ಆಗುತ್ತಿರಲಿಲ್ಲ. ದಿವಾನರು ಮಹಾರಾಜರಿಗೆ ಮಾತ್ರ ಉತ್ತರದಾಯಿ. ಶಿವಪುರದ ಬೇಡಿಕೆ ಧ್ವಜದ ಬಟ್ಟೆಯಲ್ಲಿ ಮುಗಿಯುವಂಥದಲ್ಲ. ಅವರು ಕೇಳಿದ್ದು ಜವಾಬ್ದಾರಿ ಸರ್ಕಾರ. ಆದೇಶ ಹೊರಡಿಸುವವರು ಜನರ ಪ್ರತಿನಿಧಿಗಳಿಗೆ ಉತ್ತರ ಕೊಡಬೇಕು, ಕೊಡದಿದ್ದರೆ ಇಳಿಯಬೇಕು. 1947ರ ಮೈಸೂರು ಚಲೋ ಚಳವಳಿ ಮುಗಿದು, ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂದಾಗ ಆ ಬೇಡಿಕೆ ಈಡೇರಿತು. ಮುಖ್ಯಮಂತ್ರಿಯನ್ನು ಇಳಿಸುವ ಹಕ್ಕಿಗಾಗಿ ಮದ್ದೂರು ಸೀಮೆಯ ಜನ ಜೈಲು ಕಂಡಿದ್ದಾರೆ ಎಂದರೆ ಅತಿಶಯೋಕ್ತಿ ಅಲ್ಲ.

ಹಕ್ಕು ಬಂತು. ಅದನ್ನು ನಾವು ಹೇಗೆ ಬಳಸಿದ್ದೇವೆ? ಇದಕ್ಕೆ ಕಾವೇರಿಗಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಎರಡು ಪ್ರಸಂಗಗಳನ್ನು ತುಸು ವಿವರವಾಗಿ ಹೇಳುತ್ತೇನೆ.

ಮೊದಲನೆಯದು 1991. ಜೂನ್ ತಿಂಗಳಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ವರ್ಷಕ್ಕೆ 205 ಟಿಎಂಸಿ ನೀರು ತಮಿಳುನಾಡಿಗೆ ಹೋಗಬೇಕು ಎಂದಿತು. ಮುಖ್ಯಮಂತ್ರಿ ಎಸ್. ಬಂಗಾರಪ್ಪ ಒಪ್ಪಲಿಲ್ಲ. ಜುಲೈ 25ರಂದು ಸುಗ್ರೀವಾಜ್ಞೆ ಬಂತು. ಕಾವೇರಿ ಕಣಿವೆಯ ನಮ್ಮ ರೈತರ ನೀರನ್ನು ರಕ್ಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೇ ಇದೆ ಎಂದು ಅದು ಸಾರಿತು. ನ್ಯಾಯಮಂಡಳಿಯ ಆದೇಶ ಇದ್ದರೂ ಸರಿಯೇ ಎಂದಿತು. ಮಂಡ್ಯದಲ್ಲಿ ಸಂಭ್ರಮವೋ ಸಂಭ್ರಮ. ಆ ದಿನಗಳಲ್ಲಿ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದವರು ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್. ಎಂ. ಕೃಷ್ಣ.

ರಾಷ್ಟ್ರಪತಿಗಳು ವಿಷಯವನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಒಪ್ಪಿಸಿದರು. ನವೆಂಬರ್ 22ರಂದು ನ್ಯಾಯಾಲಯ ಹೇಳಿತು. ಈ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ. ತನ್ನದೇ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಲು ಯಾವ ರಾಜ್ಯಕ್ಕೂ ಅಧಿಕಾರ ಇಲ್ಲ. ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಧ್ಯಂತರ ಆದೇಶವನ್ನು ರಾಜಪತ್ರದಲ್ಲಿ ಪ್ರಕಟಿಸಿತು. ಬೆಂಗಳೂರಿನಲ್ಲಿ ಗಲಭೆ ಆಯಿತು, ಜೀವಗಳು ಹೋದವು.

ಎರಡನೆಯದು 2002. ಆಗ ಕೃಷ್ಣ ಅವರೇ ಮುಖ್ಯಮಂತ್ರಿ. 1999ರಲ್ಲಿ ಅವರು ಗೆದ್ದದ್ದು ಮದ್ದೂರು ಕ್ಷೇತ್ರದಿಂದ. ಆ ವರ್ಷವೂ ಮಳೆ ಇಲ್ಲ. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀರು ಬಿಡಿ ಎಂದಿತು. ಪ್ರಧಾನಿ ವಾಜಪೇಯಿ ಅವರ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಪ್ರಮಾಣವನ್ನು ಸ್ವಲ್ಪ ಇಳಿಸಿತು. ನೀರು ಹರಿಯತೊಡಗಿತು. ಕಬಿನಿ ಜಲಾಶಯಕ್ಕೆ ಹಾರಿ ರೈತರೊಬ್ಬರು ಪ್ರಾಣ ಬಿಟ್ಟರು. ಮಂಡ್ಯ ಹೊತ್ತಿಕೊಂಡಿತು. ಜಿ. ಮಾದೇಗೌಡರ ನಾಯಕತ್ವದಲ್ಲಿ ಚಳವಳಿ ತೀವ್ರವಾಯಿತು. ಸರ್ಕಾರ ನೀರು ನಿಲ್ಲಿಸಿತು. ಆದೇಶ ಇದ್ದರೂ ನಿಲ್ಲಿಸಿತು.

ಅಕ್ಟೋಬರ್‌ನಲ್ಲಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಅಧಿಕಾರದಲ್ಲಿರುವ ಮುಖ್ಯಮಂತ್ರಿಯೊಬ್ಬರು ತಮ್ಮ ಊರಿನ ದಾರಿಯಲ್ಲಿ, ತಮ್ಮ ಮೇಲೇ ಸಿಟ್ಟಾಗಿದ್ದ ಜನರ ನಡುವೆ ನಡೆದು ಬಂದರು. ಅತ್ತ ದೆಹಲಿಯಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಕಾಯುತ್ತಿತ್ತು. ಕೊನೆಗೆ ನೀರು ಬಿಟ್ಟರು. ನ್ಯಾಯಾಲಯದ ಕ್ಷಮೆಯನ್ನೂ ಕೋರಿದರು.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 144ನೇ ವಿಧಿಯ ಪ್ರಕಾರ ದೇಶದ ಎಲ್ಲ ಅಧಿಕಾರಿಗಳೂ ಸುಪ್ರೀಂ ಕೋರ್ಟಿಗೆ ನೆರವಾಗಿ ನಡೆಯಬೇಕು. ಸಂವಿಧಾನದ ಗೆರೆಗೆ ನಮ್ಮ ಮುಖ್ಯಮಂತ್ರಿಗಳು ತೀರ ಹತ್ತಿರ ಹೋದದ್ದು, ಅಥವಾ ದಾಟಿದ್ದು, ನೀರು ಕೊಡುವುದಿಲ್ಲ ಎಂದಾಗ. ಅದೇ ಹೊತ್ತಿನಲ್ಲಿ ನಾವು ಅವರಿಗೆ ಜೈಕಾರ ಹಾಕಿದೆವು. ಅವರು ಕಾನೂನಿಗೆ ತಲೆಬಾಗಿ ನೀರು ಬಿಟ್ಟಾಗ ರಾಜೀನಾಮೆ ಕೇಳಿದೆವು. ಮಂಡ್ಯದವರಿಗೆ ಈ ಮಾತು ಕಹಿ. ಆದರೂ ಹೇಳಲೇಬೇಕು. ಕಾನೂನಿನ ಕಣ್ಣಿನಲ್ಲಿ ಪದಚ್ಯುತಿಗೆ ಕಾರಣವಾಗಬಲ್ಲ ಕೆಲಸವೂ, ನಮ್ಮ ಸಿಟ್ಟಿಗೆ ಕಾರಣವಾಗುವ ಕೆಲಸವೂ ಒಂದೇ ಅಲ್ಲ. ಎಷ್ಟೋ ಸಲ ಅವು ಪರಸ್ಪರ ವಿರುದ್ಧ.

ಹಾಗಿದ್ದರೆ ಬಂಗಾರಪ್ಪ ಮತ್ತು ಕೃಷ್ಣ ಅವರನ್ನು ಆ ಕಾರಣಕ್ಕೆ ಕೆಳಗಿಳಿಸಬೇಕಿತ್ತೇ? ನನ್ನ ಉತ್ತರ, ಇಲ್ಲ. ಯಾಕೆ ಎಂದು ಹೇಳಲು ನಾಲೆ ಬಯಲಿನ ನೀರುಗಂಟಿಯನ್ನು ಕರೆದುಕೊಳ್ಳುತ್ತೇನೆ.

ಒಂದು ವರ್ಷ ನೀರು ಕಡಿಮೆ ಎಂದುಕೊಳ್ಳಿ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ನೀರು ಬರುತ್ತಿದೆ. ನೀರುಗಂಟಿ ಲೆಕ್ಕ ತಪ್ಪಿ ಮೇಲಿನ ಬಯಲಿಗೆ ಎರಡು ದಿನ ಹೆಚ್ಚು ಹರಿಸಿದ. ಕೊನೆ ಭಾಗದ ಗದ್ದೆ ಒಣಗಿತು. ಅದು ತಪ್ಪು ತೀರ್ಮಾನ. ಅವನನ್ನು ಬೈಯುತ್ತೇವೆ, ಸರದಿ ಬದಲಿಸುತ್ತೇವೆ. ಇನ್ನೊಬ್ಬ ನೀರುಗಂಟಿ ರಾತ್ರಿ ಹೊತ್ತು ದುಡ್ಡು ಇಸಿದುಕೊಂಡು ತೂಬು ತಿರುಗಿಸಿದ. ಅವನನ್ನು ಮರುದಿನವೇ ತೆಗೆಯುತ್ತೇವೆ. ಮೂರನೆಯವನೊಬ್ಬ ಇದ್ದಾನೆ. ಮೇಲಿನಿಂದ ಆದೇಶ ಬಂದರೂ, ನನ್ನೂರಿನ ಪೈರು ಸಾಯುತ್ತಿದೆ ಎಂದು ಎಲ್ಲರೆದುರಿಗೇ ತೂಬು ಮುಚ್ಚಿ ನಿಂತ. ಇಂಜಿನಿಯರ್ ಬಂದು ವಿಚಾರಿಸಿದಾಗ ಮುಚ್ಚಿದ್ದು ನಾನೇ ಎಂದ. ಮತ್ತೆ ಆದೇಶವಾದಾಗ ತೆರೆದ. ಈ ಮೂರನೆಯವನು ತಪ್ಪು ಮಾಡಿದ್ದಾನೆ. ಆದರೆ ಎರಡನೆಯವನ ಸಾಲಿನಲ್ಲಿ ಅವನನ್ನು ನಿಲ್ಲಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದೇಶ ಹೊರಡಿಸಿದ್ದು ಸಾರ್ವಜನಿಕ ಕಾರಣಕ್ಕೋ, ಸ್ವಂತ ಲಾಭಕ್ಕೋ? ಬಹಿರಂಗವಾಗಿಯೋ, ಕದ್ದುಮುಚ್ಚಿಯೋ? ನ್ಯಾಯಾಲಯವೋ ಸದನವೋ ತಪ್ಪು ಎಂದಾಗ ಬಾಗಿದರೋ, ಇಲ್ಲವೋ? ನಾನು ಕೇಳುವ ಪ್ರಶ್ನೆಗಳು ಇವು. ಕೊನೆಯದೇ ಎಲ್ಲಕ್ಕಿಂತ ದೊಡ್ಡದು. ಕೃಷ್ಣ ಬಾಗಿದರು. 2016ರಲ್ಲಿಯೂ ಹಾಗೇ ಆಯಿತು. ಸುಪ್ರೀಂ ಕೋರ್ಟ್ ನೀರು ಬಿಡಿ ಎಂದಾಗ ಸಿದ್ದರಾಮಯ್ಯ ಸರ್ಕಾರ ವಿಧಾನಮಂಡಲದ ವಿಶೇಷ ಅಧಿವೇಶನ ಕರೆಯಿತು. ಕಾವೇರಿ ನೀರು ಕುಡಿಯಲು ಮಾತ್ರ ಎಂದು ಸೆಪ್ಟೆಂಬರ್ 23ರಂದು ಒಮ್ಮತದ ನಿರ್ಣಯ ಆಯಿತು. ನ್ಯಾಯಾಲಯ ಬಿಗಿಯಾಯಿತು. ಹತ್ತು ದಿನಗಳಲ್ಲಿ ಮತ್ತೆ ಸದನ ಸೇರಿತು. ಮತ್ತೊಂದು ನಿರ್ಣಯದ ಮೂಲಕ ನೀರು ಬಿಡಲು ದಾರಿ ಮಾಡಿಕೊಟ್ಟಿತು. ಸರಿಯೋ ತಪ್ಪೋ, ಅಲ್ಲಿ ಎಲ್ಲವೂ ಸದನದೊಳಗೆ, ಜನರಿಗೆ ಕೇಳಿಸುವಂತೆ ನಡೆಯಿತು. ನನಗೆ ಅದು ಮುಖ್ಯ ಎನಿಸುತ್ತದೆ.

ತಪ್ಪು ತೀರ್ಮಾನ ಬೇರೆ, ಅಧಿಕಾರದ ದುರುಪಯೋಗ ಬೇರೆ ಎಂದು ಹೇಳಿದೆ. ಇದು ನನ್ನೊಬ್ಬನ ಎಣಿಕೆ ಅಲ್ಲ. ಲೋಕ ಇದನ್ನು ಹೇಗೆ ತೂಗಿದೆ ಎಂದು ಸ್ವಲ್ಪ ನೋಡೋಣ.

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಿಂದಲೇ ಶುರು ಮಾಡಬಹುದು. 1792ರಲ್ಲಿ ಅಲ್ಲಿ ಟಿಪ್ಪುವಿನ ಕೋಟೆಯನ್ನು ಮುತ್ತಿದವನು ಗವರ್ನರ್ ಜನರಲ್ ಕಾರ್ನ್‌ವಾಲಿಸ್. ಅವನು ಇಂಗ್ಲೆಂಡಿಗೆ ಮರಳಿದಾಗ ಲಂಡನ್ನಿನಲ್ಲಿ ಒಂದು ವಿಚಾರಣೆ ನಡೆಯುತ್ತಲೇ ಇತ್ತು. ಅದು ಹಿಂದಿನ ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗ. ಆರೋಪಗಳೆಲ್ಲ ಆಡಳಿತದ ಕೆಲಸಗಳೇ. ಬನಾರಸಿನ ರಾಜನಿಂದ ಹಣ ಕಿತ್ತದ್ದು, ಅವಧದ ಬೇಗಮರ ಸಂಪತ್ತಿಗೆ ಕೈ ಹಾಕಿಸಿದ್ದು, ಕಾಣಿಕೆ ಪಡೆದದ್ದು. ಆರೋಪಿಸಿದವರಲ್ಲಿ ಮುಂದಾಳು ಎಡ್ಮಂಡ್ ಬರ್ಕ್. ಕಾರ್ನ್‌ವಾಲಿಸ್ ಕೂಡ ಅಲ್ಲಿ ಸಾಕ್ಷಿ ಹೇಳಿದ. ವಿಚಾರಣೆ ಸುಮಾರು 7 ವರ್ಷ ಎಳೆಯಿತು. 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ. ಆಡಳಿತದ ಒಂದೊಂದು ಆದೇಶವನ್ನೂ ನ್ಯಾಯಾಲಯದ ಅಪರಾಧದಂತೆ ಸಾಬೀತು ಮಾಡಲು ಹೊರಟರೆ ಎಷ್ಟು ಕಾಲ ಬೇಕು, ಎಷ್ಟು ಕಷ್ಟ ಎಂಬುದಕ್ಕೆ ಅದು ದೊಡ್ಡ ಪಾಠ.

ಅಮೆರಿಕದಲ್ಲಿ 1974. ಅಧ್ಯಕ್ಷ ನಿಕ್ಸನ್ ಮೇಲೆ ಆರೋಪಪಟ್ಟಿ ಸಿದ್ಧವಾಗುತ್ತಿತ್ತು. ಕಾಂಬೋಡಿಯಾ ದೇಶದ ಮೇಲೆ ಗುಟ್ಟಾಗಿ ಬಾಂಬ್ ಹಾಕಿಸಿದ್ದನ್ನೂ ಸೇರಿಸಬೇಕು ಎಂದು ಕೆಲವರು ಒತ್ತಾಯಿಸಿದರು. ಆರೋಪಪಟ್ಟಿ ಸಿದ್ಧಪಡಿಸುತ್ತಿದ್ದ ಸಮಿತಿ ಅದನ್ನು ತಿರಸ್ಕರಿಸಿತು. ತನಿಖೆಗೆ ಅಡ್ಡಿ ಮಾಡಿದ್ದು, ಸರ್ಕಾರಿ ಸಂಸ್ಥೆಗಳನ್ನು ವಿರೋಧಿಗಳ ಮೇಲೆ ಛೂ ಬಿಟ್ಟದ್ದು, ಇವನ್ನು ಒಪ್ಪಿತು. ಸಾವಿರಾರು ಜೀವ ತೆಗೆದ ತೀರ್ಮಾನವನ್ನು ಬಿಟ್ಟದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಗುಟ್ಟಾಗಿ ನಡೆಸಿದ ಯುದ್ಧವನ್ನು ಬರೀ ತಪ್ಪು ತೀರ್ಮಾನ ಎನ್ನಲು ನಾನು ಸಿದ್ಧನಿಲ್ಲ.

ದಕ್ಷಿಣ ಕೊರಿಯಾದ ಉದಾಹರಣೆ ಇನ್ನೂ ಸ್ಪಷ್ಟ. 2004ರಲ್ಲಿ ಅಧ್ಯಕ್ಷ ರೋ ಮೂ ಹ್ಯುನ್ ತಮಗೆ ಬೇಕಾದ ಪಕ್ಷದ ಪರ ಮಾತಾಡಿದರು. ಸಂಸತ್ತು ಮಹಾಭಿಯೋಗ ಹೂಡಿತು. ಅಲ್ಲಿನ ಸಂವಿಧಾನ ನ್ಯಾಯಾಲಯ, ಚುನಾವಣಾ ಕಾನೂನು ಉಲ್ಲಂಘನೆ ಆಗಿದೆ, ಆದರೆ ಜನ ಆರಿಸಿದ ಅಧ್ಯಕ್ಷರನ್ನು ಕಿತ್ತುಹಾಕುವಷ್ಟು ಘೋರವಲ್ಲ ಎಂದಿತು. ಅವರು ಕುರ್ಚಿಗೆ ಮರಳಿದರು. 2024ರ ಡಿಸೆಂಬರ್ 3ರ ರಾತ್ರಿ ಇನ್ನೊಬ್ಬ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಸಂಸತ್ತಿನ ಕಟ್ಟಡಕ್ಕೆ ಸೈನಿಕರು ನುಗ್ಗಿದರು. ಸಂಸದರು ಹೇಗೋ ಒಳಗೆ ಸೇರಿ ಮತ ಹಾಕಿ, ಕೆಲವೇ ಗಂಟೆಗಳಲ್ಲಿ ಆ ಆಜ್ಞೆಯನ್ನು ಬೀಳಿಸಿದರು. 2025ರ ಏಪ್ರಿಲ್ 4ರಂದು ಅದೇ ನ್ಯಾಯಾಲಯ, ಒಬ್ಬ ನ್ಯಾಯಮೂರ್ತಿಯ ಭಿನ್ನಮತವೂ ಇಲ್ಲದೆ, ಯೂನ್ ಅವರನ್ನು ವಜಾ ಮಾಡಿತು. ಅಧ್ಯಕ್ಷರಿಬ್ಬರೂ ಕಾನೂನು ಮೀರಿದವರೇ. ಒಬ್ಬರು ಗೆರೆ ತುಳಿದರು. ಇನ್ನೊಬ್ಬರು ತಮ್ಮನ್ನು ಪ್ರಶ್ನಿಸುವ ಸಭೆಯ ಬಾಗಿಲಿಗೇ ಸೈನ್ಯ ಕಳಿಸಿದರು.

ಅಂದರೆ ಒಂದು ಆಡಳಿತಾತ್ಮಕ ಕ್ರಮ ಪದಚ್ಯುತಿಗೆ ಕಾರಣ ಆಗಬಹುದು. ಉತ್ತರ ಕೊಡುವ ವ್ಯವಸ್ಥೆಯನ್ನೇ ಮುರಿಯಲು ಹೊರಟ ಕ್ರಮವಾದರೆ ಖಂಡಿತ ಆಗಬೇಕು. ಇಷ್ಟು ಒಪ್ಪಿದ ಮೇಲೆ ನಮ್ಮ ಮನೆಯ ಕಡೆಗೆ ತಿರುಗೋಣ. ಇಲ್ಲಿ ಕುರ್ಚಿಗಳು ಯಾವ ಕಾರಣಕ್ಕೆ ಬೀಳುತ್ತಿವೆ?

ಗ್ರಾಮ ಪಂಚಾಯಿತಿಯಿಂದ ನೋಡಿ. ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕುಗಳಿಗೆ ಒಂದೇ ಉಪವಿಭಾಗ, ಒಬ್ಬರೇ ಉಪವಿಭಾಗಾಧಿಕಾರಿ. ಪಂಚಾಯತ್ ರಾಜ್ ಅಧಿನಿಯಮದ 49ನೇ ಪ್ರಕರಣದ ಪ್ರಕಾರ ಅರ್ಧದಷ್ಟು ಸದಸ್ಯರು ಸಹಿ ಮಾಡಿ ಅವಿಶ್ವಾಸದ ಮನವಿ ಕೊಡಬಹುದು. ಉಪವಿಭಾಗಾಧಿಕಾರಿ ಸಭೆ ಕರೆಯುತ್ತಾರೆ. ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಅಧ್ಯಕ್ಷರ ಸ್ಥಾನ ಹೋಯಿತು.

ಅಂಥ ಸಭೆಯ ದಿನ ಪಂಚಾಯಿತಿ ಕಚೇರಿಯ ಮುಂದೆ ನಿಂತವರಿಗೆ ಗೊತ್ತು. ಬೆಳಿಗ್ಗೆಯಿಂದ ಜನ ಜಮಾಯಿಸಿರುತ್ತಾರೆ. ಪೊಲೀಸರು ಬಾಗಿಲಲ್ಲಿ ಇರುತ್ತಾರೆ. ಸದಸ್ಯರ ಒಂದು ಗುಂಪು ವಾಹನದಲ್ಲಿ ಒಟ್ಟಾಗಿ ಬಂದು ಇಳಿಯುತ್ತದೆ. ಕೆಲವು ದಿನದಿಂದ ಅವರ ಫೋನುಗಳು ಸ್ವಿಚ್ ಆಫ್. ಧರ್ಮಸ್ಥಳಕ್ಕೆ ಹೋಗಿದ್ದರು ಎನ್ನುತ್ತಾರೆ, ಇನ್ನೊಬ್ಬರು ಊಟಿ ಎನ್ನುತ್ತಾರೆ. ಒಳಗೆ ಹೆಸರು ಕರೆಯುತ್ತಾರೆ, ಕೈ ಎತ್ತುತ್ತಾರೆ, ಎಣಿಸುತ್ತಾರೆ. ಹೊರಗೆ ಪಟಾಕಿ. ಅಧ್ಯಕ್ಷರು ಮಾಡಿದ ತಪ್ಪಾದರೂ ಏನು? ಯಾವ ಕಾಮಗಾರಿಯಲ್ಲಿ ಹಣ ಪೋಲಾಯಿತು? ಯಾವ ಬೋರ್‌ವೆಲ್ ಯಾರ ಹೊಲದ ಪಕ್ಕದಲ್ಲಿ ಕೊರೆಸಿದರು? ಬಹಳ ಕಡೆ ಆ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಅಧಿಕಾರ ಹಂಚಿಕೆಯ ಒಪ್ಪಂದದಂತೆ ಇಳಿಯಲಿಲ್ಲ ಎಂಬುದೇ ಎಷ್ಟೋ ಸಲ ಒಳಗಿನ ಕಾರಣ.

ವಿಧಾನಸಭೆಯೂ ಇದಕ್ಕಿಂತ ಬೇರೆಯಲ್ಲ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೂ ಕೊಡದೆ, ರಾಜ್ಯಪಾಲರ ವರದಿಯ ಮೇಲೆ ವಜಾ ಮಾಡಿದರು. 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಅದನ್ನು ತಪ್ಪು ಎಂದಿತು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದಿತು. ಇಡೀ ದೇಶಕ್ಕೆ ಈ ಪಾಠ ಹೋದದ್ದು ಕರ್ನಾಟಕದಿಂದ. ಅದು ನಮ್ಮ ಹೆಮ್ಮೆ. ಆದರೆ ಸದನದಲ್ಲಿ ಆಮೇಲೆ ಏನಾಯಿತು? 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರಗಳು ಜಾತ್ಯತೀತ ಜನತಾದಳಕ್ಕೆ ಬಂದವು. 2019ರ ಜುಲೈ 23ರಂದು ಅದೇ ಪಕ್ಷದ ಎಚ್. ಡಿ. ಕುಮಾರಸ್ವಾಮಿ ಅವರ ಸರ್ಕಾರ ವಿಶ್ವಾಸಮತದಲ್ಲಿ ಸೋತಿತು. ಪರ 99, ವಿರುದ್ಧ 105. ಶಾಸಕರ ಗುಂಪೊಂದು ರಾಜೀನಾಮೆ ಕೊಟ್ಟು ಮುಂಬೈಯಲ್ಲಿ ಕುಳಿತಿತ್ತು. ಸರ್ಕಾರ ಬಿದ್ದದ್ದು ಯಾವ ಆದೇಶಕ್ಕಾಗಿ? ಯಾವ ನೀತಿಗಾಗಿ? ದಿನಗಟ್ಟಲೆ ನಡೆದ ಆ ಚರ್ಚೆಯನ್ನು ಕೇಳಿದವರು ಒಂದು ಆದೇಶದ ಹೆಸರನ್ನೂ ಹೇಳಲಾರರು.

ಬಂಗಾರಪ್ಪನವರೂ 1992ರಲ್ಲಿ ಇಳಿದರು. ಸುಗ್ರೀವಾಜ್ಞೆಗಾಗಿ ಅಲ್ಲ. ಪಕ್ಷದ ಹೈಕಮಾಂಡ್ ಬದಲಿಸಿತು. ಕೃಷ್ಣ ಅವಧಿ ಮುಗಿಯುವ ಕೆಲವು ತಿಂಗಳ ಮೊದಲೇ ಚುನಾವಣೆಗೆ ಹೋದರು. 2004ರಲ್ಲಿ ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ನಿಂತರು. ಅವರು ಗೆದ್ದರು, ಅವರ ಪಕ್ಷ ಬಹುಮತ ಕಳೆದುಕೊಂಡಿತು.

ಮಹಾಭಿಯೋಗದಲ್ಲಿ ಆರೋಪ ಬರೆದುಕೊಡಬೇಕು, ಅದನ್ನು ಸಾಬೀತು ಮಾಡಬೇಕು. ಅವಿಶ್ವಾಸಕ್ಕೆ ಕಾರಣವೇ ಬೇಡ. ಸಂವಿಧಾನ ಕೊಟ್ಟ ಈ ಸಡಿಲವನ್ನು ನಾವು ಹಾಳು ಮಾಡಿಕೊಂಡಿದ್ದೇವೆ. ಕಾರಣ ಬೇಕಿಲ್ಲ ಎಂದದ್ದು, ಸದನ ಸ್ವತಂತ್ರವಾಗಿ ಯಾವ ಕಾರಣವನ್ನಾದರೂ ತೂಗಲಿ ಎಂದು. ನಾವು ಕಾರಣವನ್ನೇ ಕೈಬಿಟ್ಟೆವು.

ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲಿ ಬಂತು. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಶಾಸಕ ಸ್ಥಾನ ಹೋಗುತ್ತದೆ. ಆದ್ದರಿಂದ ಆಡಳಿತ ಪಕ್ಷದ ಶಾಸಕರು ಸರ್ಕಾರದ ವಿರುದ್ಧ ಕೈ ಎತ್ತಲಾರರು ಎಂದು ಹೇಳುವುದುಂಟು. ಮಾತು ನಿಜ. ಆದರೆ ವಿಪ್ ಕಟ್ಟಿಹಾಕುವುದು ಮತವನ್ನು, ನಾಲಿಗೆಯನ್ನಲ್ಲ. ಸದನದಲ್ಲಿ ಮಾತಾಡುವ ಸ್ವಾತಂತ್ರ್ಯವನ್ನು 194ನೇ ವಿಧಿ ಕೊಟ್ಟಿದೆ. ನೀರು ಬಿಡುವ ಆದೇಶ ಯಾವ ಲೆಕ್ಕದ ಮೇಲೆ ಆಯಿತು ಎಂದು ಆಡಳಿತ ಪಕ್ಷದ ಶಾಸಕರೂ ಕೇಳಬಹುದು. ಕೇಳಬೇಕು.

ಇಷ್ಟು ಹೇಳಿದ ಮೇಲೆ ಮತ್ತೆ ನಾಲೆಯ ಕೊನೆಗೆ ಬರುತ್ತೇನೆ. ವಿಶ್ವೇಶ್ವರಯ್ಯ ನಾಲೆಯ ನೀರು ಹುಲಿಕೆರೆ ಸುರಂಗ ದಾಟಿ, ಕವಲೊಡೆದು, ಮದ್ದೂರು ಮಳವಳ್ಳಿಯ ಕೊನೆಯ ಗದ್ದೆಗಳನ್ನು ಮುಟ್ಟುವಾಗ ಅದರ ಬಲ ಇಳಿದಿರುತ್ತದೆ. ಬರಗಾಲದಲ್ಲಿ ಮುಟ್ಟುವುದೇ ಇಲ್ಲ. ಅದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯುವ ನೀರು ಹೋಗುತ್ತದೆ. ಬಿಳಿಗುಂಡ್ಲು ಮಾಪನ ಕೇಂದ್ರ ದಾಟಿ ಸಾಮಾನ್ಯ ವರ್ಷದಲ್ಲಿ ಸುಮಾರು 177 ಟಿಎಂಸಿ ತಮಿಳುನಾಡಿಗೆ ಹೋಗಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಅಂತಿಮವಾಗಿ ಹೇಳಿದೆ. ಬರದ ವರ್ಷದ ಹಂಚಿಕೆ ಇವತ್ತಿಗೂ ಜಗಳದ ವಿಷಯ. ಅಂಥ ವರ್ಷ ಇನ್ನೊಮ್ಮೆ ಬರುತ್ತದೆ. ಆಗ ಯಾರೇ ಮುಖ್ಯಮಂತ್ರಿಯಾಗಿರಲಿ, ಅವರ ಮುಂದೆ ಒಳ್ಳೆಯ ಆಯ್ಕೆ ಇರುವುದಿಲ್ಲ.

ಆ ದಿನ ರಾಜೀನಾಮೆ ಕೇಳುವ ಹಕ್ಕು ನಿಮಗೆ ಇದ್ದೇ ಇದೆ. ಕೇಳುವ ಮೊದಲು ಇನ್ನೊಂದನ್ನು ಕೇಳಿ. ಕಟ್ಟೆಯ ಮಟ್ಟ ಎಷ್ಟಿತ್ತು, ಒಳಹರಿವು ಎಷ್ಟು, ನಾಲೆಗೆ ಎಷ್ಟು ಬಿಟ್ಟಿರಿ, ಕೊನೆ ಭಾಗಕ್ಕೆ ಎಷ್ಟು ಮುಟ್ಟಿತು, ನೀರಾವರಿ ಸಲಹಾ ಸಮಿತಿ ಏನು ಹೇಳಿತ್ತು, ನೀರು ಬಿಡಲು ಆದೇಶಿಸುವ ಪ್ರಾಧಿಕಾರದ ಮುಂದೆ ನಮ್ಮ ವಕೀಲರು ಏನು ವಾದಿಸಿದರು? ನೀರಿನ ಪ್ರತಿ ಆದೇಶದ ಜೊತೆಗೂ ಈ ಲೆಕ್ಕ ಬರಹದಲ್ಲಿ ಸದನದ ಮುಂದೆ ಬರಬೇಕು. ಬಾರದಿದ್ದರೆ, ಸುಳ್ಳಾಗಿದ್ದರೆ, ಯಾರದೋ ಲಾಭಕ್ಕೆ ತಿದ್ದಿದ್ದರೆ, ಅಂಥ ಸರ್ಕಾರ ಒಂದು ದಿನವೂ ಉಳಿಯಬಾರದು. ಲೆಕ್ಕ ಸರಿಯಾಗಿದ್ದು ತೀರ್ಮಾನ ಮಾತ್ರ ನಮಗೆ ಒಪ್ಪಿಗೆಯಾಗದಿದ್ದರೆ, ಅದಕ್ಕೆ ಚುನಾವಣೆ ಇದೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ. ವಿಧಾನಸಭೆಯ ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ. ಈ ಲೆಕ್ಕವನ್ನು ಸದನದಲ್ಲಿ ಪ್ರಶ್ನೆಯಾಗಿ ಕೇಳಿ ಎಂದು ಬರೆಯಿರಿ. ಅವರು ಕೇಳಿದರೋ ಇಲ್ಲವೋ ಎಂದು ಕಲಾಪ ಮುಗಿದ ಮೇಲೆ ವಿಚಾರಿಸಿ. ಕೇಳದಿದ್ದರೆ ಮತ್ತೆ ಬರೆಯಿರಿ.